ಸಾವಿನ ಮನೆಗೆ ಹೋಗುವಾಗ

ಪಾಸ್ಟರ್ ಆಗಿ ಹೇಳ್ತೇನೆ, ಹೋದ ಕೂಡಲೇ 'ಎಲ್ಲಾ ದೇವರ ಚಿತ್ತ' ಅಂತ ಶುರು ಮಾಡಬೇಡಿ. ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು 7 ದಿನ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿದ್ದರು. ಬಾಯಿ ತೆರೆದ ಮೇಲೆಯೇ ಕೆಟ್ಟದ್ದು! ತೀರಿಹೋದ ಗೆಳೆಯ ಲಾಜರನಿಗಾಗಿ ಯೇಸುಸ್ವಾಮಿಯೇ ಅತ್ತರು, ಅಲ್ವಾ? ಅಳುವುದು ನಂಬಿಕೆ ಕಮ್ಮಿಯಾದ ಲಕ್ಷಣ ಅಲ್ಲ.

ಕುಚ್ಚಲಕ್ಕಿ ಗಂಜಿ, ತೆಂಗಿನಕಾಯಿ ಚಟ್ನಿ ಕೊಟ್ಟು ಬನ್ನಿ. ಟಿಫಿನ್ ಕ್ಯಾರಿಯರ್ ವಾಪಸ್ ಕೇಳುವ ಅವಸರ ಬೇಡ. ಮರಣದ ಮಾಹಿತಿಯನ್ನು 21 ದಿನದೊಳಗೆ ನೋಂದಣಿಗೆ ಕೊಡಬೇಕು. ಆ ಓಡಾಟಕ್ಕೆ ಯಾರಾದರೂ ಜೊತೆಗೆ ಹೋಗಿ.

ನಮ್ಮ ಮಂಗಳೂರಿನಲ್ಲಿ ಮಕ್ಕಳು ಗಲ್ಫಿಗೆ ವಾಪಸ್ ಹೋದ ಮೇಲೆಯೇ ಜಾಸ್ತಿ ಕಷ್ಟ. ಮನೆಯಲ್ಲಿ ಅಮ್ಮ ಒಬ್ಬರೇ. ಆಗ ಸಂಜೆ ಹೊತ್ತಿಗೆ ಹೋಗಿ, ತೀರಿಹೋದವರ ಹೆಸರು ಹಿಡಿದೇ ಮಾತಾಡಿ. ಪ್ರಾರ್ಥನೆ ಅವರು ಕೇಳಿದರೆ ಮಾಡಿ, ಚಿಕ್ಕದಾಗಿ.