ಉಡುಪಿಯಲ್ಲಿ ‘ಸದಾರಮೆ’ಯನ್ನು ಹಾಡಿಸಿದ ಬಗೆ

ಉಡುಪಿಯ ನಮ್ಮ ಹವ್ಯಾಸಿ ತಂಡ, ಊರೂರು ಸುತ್ತುವ ವೃತ್ತಿ ತಂಡಗಳು ಆಡುತ್ತಿದ್ದ ಹಳೆಯ ಕಂಪನಿ ನಾಟಕ ‘ಸದಾರಮೆ’ಯನ್ನು ಕೈಗೆತ್ತಿಕೊಂಡಾಗ ನಿರ್ದೇಶನದ ಹೊಣೆ ನನ್ನ ಪಾಲಿಗೆ ಬಂತು. ಇದರ ಕಳ್ಳನ ಪಾತ್ರದಿಂದಲೇ ಗುಬ್ಬಿ ವೀರಣ್ಣನವರು ಮನೆಮಾತಾಗಿದ್ದರು. 1935ರಲ್ಲಿ ಅದು ಚಲನಚಿತ್ರವೂ ಆಯಿತು. ಬ್ಯಾಂಕು, ಶಾಲೆ, ಅಂಗಡಿಗಳ ಕೆಲಸ ಮುಗಿಸಿ ಸಂಜೆ ಸೇರುವ ನಮ್ಮವರಲ್ಲಿ ಹೆಚ್ಚಿನವರು ತಾಳಮದ್ದಳೆಯ, ಅಂದರೆ ವೇಷವಿಲ್ಲದೆ ಕುಳಿತು ಮಾತಿನಲ್ಲೇ ಪ್ರಸಂಗ ನಡೆಸುವ ಯಕ್ಷಗಾನದ, ರುಚಿ ಕಂಡವರಾದ್ದರಿಂದ ಮಾತಿಗೆ ಬರವಿರಲಿಲ್ಲ. ತೊಡಕಿದ್ದುದು ಹಾಡಿನಲ್ಲಿ. ಯಕ್ಷಗಾನದಲ್ಲಿ ಪದ್ಯ ಹಾಡುಗಾರರಾದ ಭಾಗವತರದು, ಅರ್ಥ, ಅಂದರೆ ಮಾತು, ವೇಷಧಾರಿಯದು. ಕಂಪನಿ ನಾಟಕದಲ್ಲಿ ಎರಡನ್ನೂ ನಟನೇ ನಿಭಾಯಿಸಬೇಕು. ಹಾಡು ಎತ್ತಿಕೊಡುವವರಿಗಾಗಿ ಕಾದು ನಿಲ್ಲುವ ಅಭ್ಯಾಸವನ್ನು ಬಿಡಿಸುವುದರಲ್ಲೇ ನಮ್ಮ ಮಳೆಗಾಲದ ತಾಲೀಮಿನ ಬಹುಪಾಲು ಕಳೆಯಿತು. ಹಾಗೆಂದು ಕಂಪನಿಯ ಮಟ್ಟುಗಳು (ಹಾಡಿನ ಧಾಟಿಗಳು) ಕರಾವಳಿಗೆ ಪರಕೀಯವೆಂದು ನಾನು ಒಪ್ಪುವುದಿಲ್ಲ. ಬಂಟ್ವಾಳ ತಾಲೂಕಿನ ಮಂಚಿಯವರಾದ ರಂಗನಿರ್ದೇಶಕ ಬಿ.ವಿ. ಕಾರಂತರು ಹುಡುಗರಾಗಿದ್ದಾಗಲೇ ಹೋಗಿ ಸೇರಿದ್ದು ವೀರಣ್ಣನವರ ಗುಬ್ಬಿ ಕಂಪನಿಯನ್ನೇ.

ಮೊದಲ ಕಗ್ಗಂಟು ಶ್ರುತಿಯದಾಗಿತ್ತು. ಕಳ್ಳನ ಪಾತ್ರಧಾರಿಯ ಕಂಠ ಬಿಳಿ ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಬಿಳಿ ಮನೆಯನ್ನು ಆಧಾರ ಸ್ವರವಾಗಿಸಿಕೊಂಡ ಶ್ರುತಿಯಲ್ಲಿ, ಹಾಯಾಗಿ ನಿಲ್ಲುತ್ತಿತ್ತು. ನಾಯಕಿ ಸದಾರಮೆಯಾಗಿದ್ದ ಶಿಕ್ಷಕಿಗೆ ಅದೇ ಶ್ರುತಿಯಲ್ಲಿ ಪಲ್ಲವಿಯ ಕೆಳಗಿನ ಸ್ವರಗಳು ಹೊರಡುತ್ತಲೇ ಇರಲಿಲ್ಲ. ಇಬ್ಬರಿಗೂ ನಡುವಿನದೆಂದು ಕಪ್ಪು ಎರಡಕ್ಕೆ ಏರಿಸಿದರೆ ಆತನ ಮೇಲಿನ ಸ್ವರಗಳು ಕಿರುಚಾಟವಾಗಿ, ಹಾಸ್ಯದ ಸಾಲೂ ಸಿಟ್ಟಿನದಾಗಿ ಕೇಳಿಸುತ್ತಿತ್ತು. ಕೊನೆಗೆ ನಮ್ಮ ಹಾರ್ಮೋನಿಯಂ ವಾದಕರೇ ದಾರಿ ತೋರಿಸಿದರು: ಕಳ್ಳನ ಸಾಲುಗಳು ಬಿಳಿ ಒಂದರಲ್ಲಿ, ಸದಾರಮೆ ಬಾಯಿ ತೆರೆದೊಡನೆ ಅದರ ಮಧ್ಯಮವೇ (ಮ) ಷಡ್ಜ (ಸ, ಆಧಾರ ಸ್ವರ), ಅಂದರೆ ಬಿಳಿ ನಾಲ್ಕು. ತಬಲವನ್ನು ಮತ್ತೆ ಶ್ರುತಿ ಮಾಡುವ ಅಗತ್ಯವೂ ಬೀಳಲಿಲ್ಲ, ಏಕೆಂದರೆ ಕಳ್ಳನಿಗೆ ಷಡ್ಜವಾಗಿದ್ದ ನಾದವೇ ಸದಾರಮೆಗೆ ಪಂಚಮವಾಗಿ (ಪ) ಒದಗುತ್ತಿತ್ತು. ಶ್ರುತಿ ಬದಲಾಗುವಲ್ಲಿ ವಾದಕರು ನಾಲ್ಕಾರು ಸ್ವರಗಳನ್ನು ನುಡಿಸುವಷ್ಟರಲ್ಲಿ ಆಕೆ ಸೆರಗು ಸರಿಪಡಿಸಿಕೊಂಡು ಕಳ್ಳನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದು ನೋಡುತ್ತಿದ್ದಳು. ಹಾಡು ಶುರುವಾಗುವ ಮೊದಲೇ ಸಭೆ ನಗುತ್ತಿತ್ತು.

ಖರ್ಚು ಉಳಿಯುತ್ತದೆ, ಸಂಗೀತವನ್ನು ಮೊದಲೇ ಧ್ವನಿಮುದ್ರಿಸಿಕೊಳ್ಳೋಣ ಎಂದು ಕೆಲವರು ವಾದಿಸಿದ್ದುಂಟು. ನಾನು ಒಪ್ಪಲಿಲ್ಲ. ಯಾವ ಮಾತಿಗೆ ಸಭೆ ಎಷ್ಟು ಹೊತ್ತು ನಗುತ್ತದೆಂಬುದನ್ನು ಯಂತ್ರ ಊಹಿಸಲಾರದು. ನಗು ತಗ್ಗುವ ಮೊದಲೇ ಪಲ್ಲವಿ ಎದ್ದರೆ ಹಾಡಿನ ಮೊದಲ ಸಾಲು ಯಾರಿಗೂ ಕೇಳಿಸುವುದಿಲ್ಲ, ಪೂರ್ತಿ ತಣ್ಣಗಾದ ಮೇಲೆ ಎದ್ದರೆ ನಟ ಸುಮ್ಮನೆ ನಿಂತಂತೆ ಕಾಣುತ್ತಾನೆ. ನಗು ಅರ್ಧಕ್ಕೆ ಇಳಿದಾಗ ನಟ ಬಲಗೈಯನ್ನು ಸೊಂಟಕ್ಕೆ ತರುವುದು, ಹಾರ್ಮೋನಿಯಂ ಎದ್ದುಕೊಳ್ಳುವುದು ಎಂದು ಗೊತ್ತು ಮಾಡಿಕೊಂಡೆವು. ಇದಕ್ಕಾಗಿ ವಾದಕರನ್ನು ಪಕ್ಕದ ಪರದೆಯ ಮರೆಯಿಂದ ಎಬ್ಬಿಸಿ, ನಟರ ಮುಖ ಕಾಣುವಂತೆ ರಂಗದ ಮುಂದೆ ಕೆಳಗಡೆ ಕೂರಿಸಬೇಕಾಯಿತು. ಮಳೆಗಾಲದ ಥಂಡಿಗೆ ನಾದ ಹೊರಡಿಸುವ ರೀಡುಗಳು ಕೈಕೊಡಬಾರದೆಂದು ಹಾರ್ಮೋನಿಯಂ ಪೆಟ್ಟಿಗೆಯ ಬಳಿ ಹಗಲಿಡೀ ಒಂದು ಬಲ್ಬು ಉರಿಯುತ್ತಿತ್ತು.

ಕಳ್ಳನಿಗೆ ಹಳೆ ಮೈಸೂರು ಸೀಮೆಯ ಹಳ್ಳಿಮಾತಿನ ಬದಲು ಕುಂದಾಪುರ ಕಡೆಯ ಆಡುಮಾತಾದ ಕುಂದಾಪ್ರ ಕನ್ನಡ ಕೊಟ್ಟೆವು. ಪಾತ್ರಧಾರಿ ಆ ಕಡೆಯವರೇ ಆಗಿದ್ದರಿಂದ ಪರದೆಯ ಹಿಂದಿನಿಂದ ಅಲ್ಲಿನವರು ಕರೆಯುವ ಒಂದು ‘ಹ್ವಾಯ್’ ಕೇಳಿಸಿದರೆ ಸಾಕು, ಸಭೆ ಅವರ ಕೈಸೇರುತ್ತಿತ್ತು. ಹಾಡಿನ ಸಾಹಿತ್ಯವನ್ನು ಮಾತ್ರ ಮುಟ್ಟಲಿಲ್ಲ, ಮಟ್ಟಿಗೆ ಹೊಂದಿಕೊಂಡ ಅಕ್ಷರಗಳನ್ನು ಬದಲಿಸಿದರೆ ತಾಳದ ಪೆಟ್ಟು ತಪ್ಪುತ್ತದೆ. ಸದಾರಮೆ ಗಂಡುವೇಷ ತೊಡುವ ಭಾಗಕ್ಕೆ ಹೆಚ್ಚು ಶ್ರಮ ಬೇಕಾಗಲಿಲ್ಲ. ನಡಿಗೆ ತಿದ್ದಿದೆವು, ದನಿ ದಪ್ಪಗೆ ಮಾಡಗೊಡಲಿಲ್ಲ.

ರಾತ್ರಿಯಿಡೀ ಕೂರುವ ಪ್ರೇಕ್ಷಕರು ಈಗ ಯಕ್ಷಗಾನಕ್ಕೇ ಕಡಿಮೆಯಾಗಿರುವಾಗ ಎಲ್ಲ ಹಾಡುಗಳನ್ನೂ ಉಳಿಸಿಕೊಳ್ಳುವಂತಿರಲಿಲ್ಲ. ಹಾಡನ್ನು ತೆಗೆದ ಮೇಲೂ ಮುಂದಿನ ಮಾತಿಗೆ ನಗು ಹುಟ್ಟುತ್ತದೆಯೇ ಎಂದು ತಾಲೀಮಿನಲ್ಲಿ ಪರೀಕ್ಷಿಸಿ, ಹುಟ್ಟಿದರೆ ಆ ಹಾಡನ್ನು ಕೈಬಿಟ್ಟೆವು. ರಾಗ ಚೆನ್ನಾಗಿದೆಯೆಂಬ ಒಂದೇ ಕಾರಣಕ್ಕೆ ಉಳಿದ ಹಾಡೂ ಒಂದಿತ್ತು. ಅದು ಹಾರ್ಮೋನಿಯಂ ವಾದಕರ ಹಟ, ನಾನೂ ಬಲವಾಗಿ ವಿರೋಧಿಸಲಿಲ್ಲ.

ಎಂ.ಜಿ.ಎಂ. ಕಾಲೇಜಿನ ಮುದ್ದಣ ಮಂಟಪದಲ್ಲಿ ಪ್ರಯೋಗವಾದಾಗ ಹಿರಿಯರ ಸಾಲಿನಿಂದ ‘ಒನ್ಸ್ ಮೋರ್’ ಕೇಳಿಬಂತು. ಇದಕ್ಕೂ ಸಿದ್ಧರಾಗಿದ್ದೆವು: ಪಲ್ಲವಿ ಮಾತ್ರ, ಒಂದೇ ಸಲ, ಅದೂ ಕಳ್ಳ ಮತ್ತು ಸದಾರಮೆಯರ ಯುಗಳಗೀತೆಗೆ ಮಾತ್ರ. ಎರಡನೆಯ ಬಾರಿ ಕಳ್ಳ ಬೇಕೆಂದೇ ಸದಾರಮೆಯ ಶ್ರುತಿಗೆ ಏರಹೊರಟು ಗಂಟಲು ಹಿಡಿದುಕೊಂಡು ಕೆಮ್ಮಿದ್ದು ಮಾತ್ರ ತಾಲೀಮಿನಲ್ಲಿ ಇಲ್ಲದ ಸಂಗತಿ. ಅದನ್ನು ಮುಂದಿನ ಪ್ರಯೋಗಗಳಿಗೂ ಉಳಿಸಿಕೊಂಡಿದ್ದೇವೆ.