ಯುಎಸ್‌ಬಿ ಡ್ರೈವರ್‌ನಲ್ಲಿ ರೀಡಿಂಗ್ ತಪ್ಪಿದಾಗ: ಒಂದು ದೂರು, ಮೂರು ದೋಷ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಮೋಟಾರಿನ ಕಂಪನ ಅಳೆಯುವ ಬೋರ್ಡ್‌ಗೆ ಬರೆದ ಲಿನಕ್ಸ್ ಡ್ರೈವರ್ ಇದು. ಬೋರ್ಡ್ ಫುಲ್ ಸ್ಪೀಡ್‌ನದು, ಅಂದರೆ ಸೆಕೆಂಡಿಗೆ 12 ಮೆಗಾಬಿಟ್‌ನ ಯುಎಸ್‌ಬಿ. ಡೇಟಾ ಹೊರಬರುವ ದಾರಿಯಾದ ಬಲ್ಕ್ ಎಂಡ್‌ಪಾಯಿಂಟ್‌ನ ಪ್ಯಾಕೆಟ್ ಹೆಚ್ಚೆಂದರೆ 64 ಬೈಟ್, ಒಂದೊಂದು ರೀಡಿಂಗ್‌ನ ರೆಕಾರ್ಡ್ 20 ಬೈಟ್. ನಡುನಡುವೆ ರೀಡಿಂಗ್ ತಪ್ಪುತ್ತವೆ ಎಂಬುದು ದೂರು.

ಡ್ರೈವರ್ ತುಂಬ ಪ್ರಿಂಟ್ ಸಾಲು ತುರುಕುವುದು ನನಗೆ ಸರಿಬರುವುದಿಲ್ಲ. ಪ್ರಿಂಟ್ ಆಗುವ ಹೊತ್ತಿಗೇ ಟೈಮಿಂಗ್ ಬದಲಾಗಿ ದೋಷ ಅಡಗಿಬಿಡುತ್ತದೆ. ಅದರ ಬದಲು ಯುಎಸ್‌ಬಿ ಸಂಚಾರ ದಾಖಲಿಸುವ, ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಯುಎಸ್‌ಬಿಮಾನ್ ಮಾಡ್ಯೂಲ್ ಲೋಡ್ ಮಾಡಿ, ಬೋರ್ಡ್ ಇರುವ ಯುಎಸ್‌ಬಿ ಬಸ್ಸಿನ ಲಾಗ್ ಹಿಡಿಯುತ್ತೇನೆ. ಎಸ್ ಎಂದಿರುವ ಸಾಲಿನಲ್ಲಿ ಡ್ರೈವರ್ ಕೇಳಿದ್ದೆಷ್ಟು, ಸಿ ಎಂದಿರುವ ಸಾಲಿನಲ್ಲಿ ಸ್ಟೇಟಸ್ ಏನು, ಬಂದದ್ದೆಷ್ಟು ಎಂದಿರುತ್ತದೆ. ಎಸ್ ಸಾಲಿನ -115 ದೋಷವಲ್ಲ, ಕೆಲಸ ಇನ್ನೂ ನಡೆಯುತ್ತಿದೆ ಎಂದಷ್ಟೆ. ಈ ಟೆಕ್ಸ್ಟ್ ಲಾಗ್ ಡೇಟಾದ ಮೊದಲ 32 ಬೈಟ್ ಮಾತ್ರ ತೋರಿಸುತ್ತದೆ. ಪೂರ್ತಿ ಬೇಕಾದರೆ ವೈರ್‌ಶಾರ್ಕ್ ಎಂಬ ತಂತ್ರಾಂಶ.

ಮೊದಲು ಕಂಡದ್ದು -75, ಅಂದರೆ ಓವರ್‌ಫ್ಲೋ. ಡ್ರೈವರ್ ಪ್ರತಿ ಸಲ ಮೂರು ರೆಕಾರ್ಡ್ ಲೆಕ್ಕ ಹಾಕಿ 60 ಬೈಟ್ ಕೇಳುತ್ತಿತ್ತು. ಹೋಸ್ಟ್ (ಬೋರ್ಡ್ ಜೋಡಿಸಿದ ಕಂಪ್ಯೂಟರ್) ಹೊತ್ತಿಗೆ ಸರಿಯಾಗಿ ಓದಿದರೆ ಬೋರ್ಡ್ ಕೊಡುವುದೂ 60. ಕಂಪ್ಯೂಟರ್ ಡಿಸ್ಕಿಗೆ ಬರೆಯುವುದರಲ್ಲಿ ಸಿಕ್ಕಿಕೊಂಡು ತಡವಾದರೆ ಬೋರ್ಡ್‌ನಲ್ಲಿ ಡೇಟಾ ಕೂಡಿಕೊಂಡು 64 ಬೈಟಿನ ತುಂಬಿದ ಪ್ಯಾಕೆಟ್ ಹೊರಡುತ್ತದೆ. ಉಳಿದ 4 ಬೈಟಿಗೆ ಬಫರ್‌ನಲ್ಲಿ ಜಾಗವಿಲ್ಲ. ಇನ್ ದಿಕ್ಕಿನ (ಬೋರ್ಡ್‌ನಿಂದ ಹೋಸ್ಟ್‌ಗೆ) ಬಫರ್ ಯಾವಾಗಲೂ ಪ್ಯಾಕೆಟ್ ಅಳತೆಯ ಅಪವರ್ತ್ಯವಾಗಿರಬೇಕು. 512 ಬೈಟಿನ ನಾಲ್ಕು ಯುಆರ್‌ಬಿ (ಡ್ರೈವರ್ ಸಲ್ಲಿಸುವ ಯುಎಸ್‌ಬಿ ಕೋರಿಕೆ) ಸದಾ ಕ್ಯೂನಲ್ಲಿಟ್ಟು, ಬಂದ ಬೈಟುಗಳನ್ನು ಬೇರೊಂದು ಬಫರ್‌ನಲ್ಲಿ ಜೋಡಿಸಿ 20ರಂತೆ ಕತ್ತರಿಸಿದ ಮೇಲೆ ಇದು ನಿಂತಿತು. ಬಫರ್‌ಗಳನ್ನು ಕರ್ನಲ್‌ನ ಕೆಮ್ಯಾಲಾಕ್‌ನಂಥ ಕರೆಯಿಂದ ಪಡೆಯಬೇಕು, ಫಂಕ್ಷನ್‌ನ ಸ್ಟ್ಯಾಕ್ ಮೇಲಿನದು ಡಿಎಂಎಗೆ (ಹಾರ್ಡ್‌ವೇರ್ ನೇರ ಮೆಮೊರಿಗೆ ಬರೆಯುವುದಕ್ಕೆ) ನಡೆಯದು.

ಎರಡನೆಯದು ಕ್ಯಾಲಿಬ್ರೇಷನ್ ಓದುವಾಗಿನ -110, ಅಂದರೆ ಟೈಮೌಟ್. ಟೈಮೌಟ್ ಕಂಡ ಕೂಡಲೇ ಬೋರ್ಡ್ ಸತ್ತಿದೆ ಎನ್ನುವವರೇ ಹೆಚ್ಚು. ಇಲ್ಲಿ ಯುಎಸ್‌ಬಿಮಾನ್ ಬೇರೆಯದನ್ನೇ ಹೇಳುತ್ತಿತ್ತು: ಸಿ ಸಾಲಿನಲ್ಲಿ -2 (ಕೋರಿಕೆ ರದ್ದಾಗಿದೆ), ಉದ್ದ 128. ಅಂದರೆ ಡೇಟಾ ಪೂರ್ತಿ ಬಂದಿದೆ. ಡ್ರೈವರ್ 512 ಕೇಳಿದೆ, ಬೋರ್ಡ್ 64ರ ಎರಡು ತುಂಬಿದ ಪ್ಯಾಕೆಟ್ ಕೊಟ್ಟು ಸುಮ್ಮನಾಗಿದೆ. ಕೇಳಿದಷ್ಟು ಬೈಟ್ ಅಥವಾ ತುಂಬದ ಪ್ಯಾಕೆಟ್ ಬರುವವರೆಗೂ ಹೋಸ್ಟ್‌ಗೆ ವರ್ಗಾವಣೆ ಮುಗಿದದ್ದು ಗೊತ್ತಾಗುವುದಿಲ್ಲ. ಟೈಮ್ ಮುಗಿದ ಮೇಲೆ ಕರ್ನಲ್ ಆ ಯುಆರ್‌ಬಿಯನ್ನು ಕೊಲ್ಲುತ್ತದೆ, ಆ -2 ಡ್ರೈವರ್ ಕೈಗೆ -110 ಆಗಿ ಸಿಗುತ್ತದೆ, ಡ್ರೈವರ್ ಬಂದ ಡೇಟಾವನ್ನೂ ಚೆಲ್ಲುತ್ತದೆ. ಟೈಮೌಟ್ 1 ಸೆಕೆಂಡ್‌ನಿಂದ 5ಕ್ಕೆ ಏರಿಸಿದರೆ ಕಾಯುವುದು ಹೆಚ್ಚೀತೇ ಹೊರತು ಮತ್ತೇನಿಲ್ಲ. ಉದ್ದ 64ರ ಅಪವರ್ತ್ಯವಾದಾಗ ಕೊನೆಗೊಂದು ಸೊನ್ನೆ ಬೈಟಿನ ಪ್ಯಾಕೆಟ್ ಕಳಿಸುವಂತೆ ಬೋರ್ಡ್ ಒಳಗಿನ ಪ್ರೋಗ್ರಾಂ ಆದ ಫರ್ಮ್‌ವೇರ್ ತಿದ್ದಿಸಿದೆ. ಹೋಸ್ಟ್‌ನಿಂದ ಬೋರ್ಡ್ ಕಡೆಗೂ ಇದೇ ನಿಯಮ ಬೇಕಿದ್ದರೆ ಯುಆರ್‌ಬಿಗೆ ಝೀರೋ ಪ್ಯಾಕೆಟ್ ಫ್ಲ್ಯಾಗ್ ಇದೆ.

ಮೂರನೆಯದಕ್ಕೆ ಕೋಡ್ ಮುಟ್ಟುವ ಕೆಲಸ ಕಡಿಮೆ. "ಸರ್, ಮೋಟಾರ್ ಚಾಲೂ ಆತಂದ್ರ ರೀಡಿಂಗ್ ನಿಂತ ಬಿಡ್ತಾವ್ರಿ" ಎಂದು ಆಪರೇಟರ್ ಹೇಳಿದ್ದರಲ್ಲೇ ಅರ್ಧ ಉತ್ತರವಿತ್ತು. ಲಾಗ್‌ನಲ್ಲಿ -71ರ, ಅಂದರೆ ಪ್ರೋಟೋಕಾಲ್ ದೋಷದ, ಸಾಲುಸಾಲು. ವಿದ್ಯುತ್ ಗದ್ದಲದಲ್ಲಿ ಕೆಟ್ಟ ಪ್ಯಾಕೆಟನ್ನು ಹೋಸ್ಟ್ ಕಂಟ್ರೋಲರ್ ತಾನೇ ಮತ್ತೆ ಕೇಳುತ್ತದೆ. ಸತತ ಮೂರು ಸಲ ತಪ್ಪಿದ ಮೇಲಷ್ಟೇ ಈ ದೋಷ ಮೇಲಕ್ಕೆ ಬರುತ್ತದೆ. ಹಾಗಾಗಿ -71 ಆಗೊಮ್ಮೆ ಈಗೊಮ್ಮೆ ಕಂಡರೂ ಕೇಬಲ್ ಬಹಳ ಕೆಟ್ಟ ಸ್ಥಿತಿಯಲ್ಲಿದೆ ಎಂದೇ ತಿಳಿಯುತ್ತೇನೆ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಲ್ಯಾಪ್‌ಟಾಪ್ ನಡೆಸಿದಾಗ ದೋಷ ಬಹುಪಾಲು ಇಳಿಯಿತು, ಅಂದರೆ ಗ್ರೌಂಡ್ ಲೂಪ್ (ಎರಡು ಕಡೆಯ ಅರ್ತ್ ನಡುವೆ ಕೇಬಲ್ ಮೂಲಕ ಹರಿಯುವ ಕರೆಂಟ್). ಪರಿಹಾರ: ಶೀಲ್ಡ್ ಇರುವ 1 ಮೀಟರ್ ಕೇಬಲ್, ವಿಎಫ್‌ಡಿಯಿಂದ (ಮೋಟಾರಿನ ವೇಗ ನಿಯಂತ್ರಕ) ಮೋಟಾರಿಗೆ ಹೋಗುವ ವೈರ್‌ನಿಂದ ದೂರದ ದಾರಿ, ನಡುವೆ ಎರಡು ಕಡೆಯ ವಿದ್ಯುತ್ ಸಂಪರ್ಕ ಬೇರ್ಪಡಿಸುವ 12 ಮೆಗಾಬಿಟ್‌ನ ಯುಎಸ್‌ಬಿ ಐಸೊಲೇಟರ್. ಫುಲ್ ಸ್ಪೀಡ್ ಬೋರ್ಡ್‌ಗೆ ಅಷ್ಟು ಸಾಕು. ಹೈಸ್ಪೀಡ್ ಸಾಧನವಾದರೆ ಈ ಐಸೊಲೇಟರ್‌ನಲ್ಲಿ ಅದರ ಪೂರ್ತಿ ವೇಗ ಸಿಗದು.

ಇದಕ್ಕಾಗಿ ಡ್ರೈವರ್‌ನಲ್ಲಿ ಒಂದು ಬದಲಾವಣೆ ಮಾತ್ರ ಬೇಕಾಯಿತು. -71 ಬಂದಾಗ ಕಂಪ್ಲೀಷನ್ ಹ್ಯಾಂಡ್ಲರ್‌ನಲ್ಲೇ (ಕೋರಿಕೆ ಮುಗಿದಾಗ ಓಡುವ ಫಂಕ್ಷನ್) ಯುಆರ್‌ಬಿಯನ್ನು ಮತ್ತೆ ಸಲ್ಲಿಸಬಾರದು. ಕೇಬಲ್ ಕಿತ್ತಾಗಲೂ, ಹಬ್‌ಗೆ ಗೊತ್ತಾಗುವವರೆಗೆ ಬರುವುದು ಇದೇ ಕೋಡ್; ಆಗ ಲಾಗ್ ತುಂಬಿ ತುಳುಕುತ್ತದೆ. 100 ಮಿಲಿಸೆಕೆಂಡ್ ಬಿಟ್ಟು ವರ್ಕ್‌ಕ್ಯೂನಿಂದ (ಕರ್ನಲ್ ಆಮೇಲೆ ನಡೆಸುವ ಕೆಲಸಗಳ ಸಾಲು) ಸಲ್ಲಿಸಿ, ಸತತ ಹತ್ತು ಸಲ ತಪ್ಪಿದರೆ ನಿಲ್ಲಿಸುವಂತೆ ಮಾಡಿದೆ. -32 (ಎಂಡ್‌ಪಾಯಿಂಟ್ ಸ್ಟಾಲ್ ಆಗಿ ನಿಂತಿದೆ) ಬಂದಾಗ ಅದನ್ನು ಬಿಡಿಸುವ ಕ್ಲಿಯರ್ ಹಾಲ್ಟ್ ಕೂಡ ವರ್ಕ್‌ಕ್ಯೂನಿಂದಲೇ, ಏಕೆಂದರೆ ಅದು ನಿದ್ರಿಸುವ (ಮುಗಿಯುವವರೆಗೆ ಕಾಯುವ) ಕರೆ, ಹ್ಯಾಂಡ್ಲರ್‌ನಲ್ಲಿ ನಿದ್ರಿಸುವಂತಿಲ್ಲ.

ಪರೀಕ್ಷೆಗೆ ರೆಕಾರ್ಡ್‌ನ ಮೊದಲ 2 ಬೈಟ್‌ನಲ್ಲಿ ಕ್ರಮಸಂಖ್ಯೆ ಹಾಕಿಸಿ, ಮೋಟಾರ್ ಓಡುವಾಗಲೇ ಡಿಸ್ಕಿಗೆ ದೊಡ್ಡ ಫೈಲ್ ಬರೆಸುತ್ತ ರಾತ್ರಿಯಿಡೀ ಬಿಡುತ್ತೇನೆ. ಸಂಖ್ಯೆ 65535 ಮುಗಿದು ಸೊನ್ನೆಗೆ ತಿರುಗುವುದನ್ನು ಲೋಪವೆಂದು ಎಣಿಸದಂತೆ ಸ್ಕ್ರಿಪ್ಟ್ ಬರೆಯಬೇಕು.