ಹೂಜಿ ಮುಂದಿಟ್ಟುಕೊಂಡು ಪ್ರಶ್ನೆ ಕಲಿಸಿದ್ದು

"ಏನಾದರೂ ಡೌಟ್ ಇದ್ದರೆ ಕೇಳಿ" ಎಂದರೆ ನನ್ನ 7ನೇ ತರಗತಿಯಲ್ಲಿ ಎರಡೇ ಪ್ರಶ್ನೆ ಬರುತ್ತಿದ್ದವು. "ಮಿಸ್, ಹೊಸ ಪೇಜಲ್ಲಿ ಬರೀಬೇಕಾ?" "ಮಿಸ್, ಮಾರ್ಜಿನ್ ಹೊಡೀಬೇಕಾ?" ಪಾಠದ ಬಗ್ಗೆ ಒಂದೂ ಇಲ್ಲ. ಮಕ್ಕಳದ್ದೇನೂ ತಪ್ಪಿಲ್ಲ. ಕೇಳುವುದು ಟೀಚರ್ ಕೆಲಸ, ಹೇಳುವುದು ತಮ್ಮ ಕೆಲಸ ಅಂತ 1ನೇ ತರಗತಿಯಿಂದ ಅಭ್ಯಾಸ ಮಾಡಿಸಿದವರು ನಾವೇ ಅಲ್ವಾ?

ಬಿ.ಎಡ್. ಓದಿದವರಿಗೆಲ್ಲ ಬ್ಲೂಮ್ ಗೊತ್ತು. 1956ರಲ್ಲಿ ಅಮೆರಿಕದ ಶಿಕ್ಷಣ ಮನಶ್ಶಾಸ್ತ್ರಜ್ಞ ಬೆಂಜಮಿನ್ ಬ್ಲೂಮ್ ಮತ್ತು ಜೊತೆಯವರು ಕಲಿಕೆಯನ್ನು ಆರು ಹಂತವಾಗಿ ವಿಂಗಡಿಸಿದರು. 2001ರಲ್ಲಿ ಅದನ್ನು ತಿದ್ದಿದವರು ತುತ್ತತುದಿಗೆ ಸೃಜನವನ್ನು, ಅಂದರೆ ಹೊಸದನ್ನು ಕಟ್ಟುವುದನ್ನು, ತಂದು ಕೂರಿಸಿದರು. ಪ್ರಶ್ನೆಪತ್ರಿಕೆಗೆ ನೀಲನಕ್ಷೆ ಹಾಕುವಾಗ ಜ್ಞಾನಕ್ಕೆ ಇಷ್ಟು ಅಂಕ, ತಿಳುವಳಿಕೆಗೆ ಇಷ್ಟು, ಅನ್ವಯಕ್ಕೆ ಇಷ್ಟು ಅಂತ ನಾವು ಹಂಚುತ್ತಲೇ ಇರುತ್ತೇವೆ. ಇದನ್ನೇ ಮಕ್ಕಳ ಕೈಗೆ ಕೊಟ್ಟರೆ ಹೇಗೆ ಅನ್ನಿಸಿತು.

ಬಣ್ಣಬಣ್ಣದ ಚಾರ್ಟ್ ಬರೆದು ಗೋಡೆಗೆ ಅಂಟಿಸಿದೆ. ಸ್ಮರಣೆ, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಮೌಲ್ಯಮಾಪನ, ಸೃಜನ. ಮಾರನೇ ದಿನ ಒಬ್ಬಳು ಎದ್ದು ನಿಂತು ಆರನ್ನೂ ಒಂದೇ ಉಸಿರಿಗೆ ಒಪ್ಪಿಸಿದಳು. ಉಳಿದವರು ಚಪ್ಪಾಳೆ ಹೊಡೆದರು. ಪ್ರಶ್ನೆ ಮಾತ್ರ ಯಾರೂ ಕೇಳಲಿಲ್ಲ! ಬಾಯಿಪಾಠ ಬೇಡ ಅಂತ ಹೊರಟವಳು ಇನ್ನೊಂದು ಬಾಯಿಪಾಠ ಮಾಡಿಸಿದ್ದೆ.

ಚಾರ್ಟ್ ಕಿತ್ತೆ. 'ಏನು, ಯಾರು, ಎಲ್ಲಿ' ಸುಲಭದ ಪ್ರಶ್ನೆ, 'ಯಾಕೆ, ಹೇಗೆ' ದೊಡ್ಡ ಪ್ರಶ್ನೆ ಅಂದೆ. ಇದೂ ಕೈಕೊಟ್ಟಿತು. ಮಕ್ಕಳು ಜಾಣರು, ಎಲ್ಲದಕ್ಕೂ 'ಯಾಕೆ' ಅಂಟಿಸಿದರು. "ಹೂಜಿ ನೀರು ಯಾಕೆ ತಣ್ಣಗಿರುತ್ತದೆ?" ಅಂತ ಒಬ್ಬ ಬರೆದ. ನೋಡಲು ಎತ್ತರದ ಪ್ರಶ್ನೆಯೇ. ಆದರೆ ಉತ್ತರ ಅವನ ನೋಟ್ಸಿನಲ್ಲೇ ಇತ್ತು: ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಜಿನುಗುತ್ತದೆ, ಆವಿಯಾಗುವಾಗ ಒಳಗಿನ ಶಾಖ ಎಳೆದುಕೊಳ್ಳುತ್ತದೆ. ನಕಲು ಮಾಡಿದರೆ ಮುಗಿಯಿತು. ಪ್ರಶ್ನೆ ಎಷ್ಟು ಆಳದ್ದು ಅನ್ನುವುದು ಅದರ ಮೊದಲ ಪದದಲ್ಲಿಲ್ಲ, ಉತ್ತರ ಹುಡುಕಲು ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿದೆ. ಇದು ನನಗೇ ಅವತ್ತು ಹೊಳೆದದ್ದು.

ಮರುವಾರ ನಿಜವಾದ ಹೂಜಿಯನ್ನೇ ತಂದು ಮೇಜಿನ ಮೇಲಿಟ್ಟೆ. ನಿಯಮ ಒಂದೇ: ಹತ್ತು ನಿಮಿಷ ಬರೀ ಪ್ರಶ್ನೆ. ಯಾರೂ ಉತ್ತರ ಹೇಳಬಾರದು, ನಾನೂ ಹೇಳುವಂತಿಲ್ಲ. ನಗುವಂತೆಯೂ ಇಲ್ಲ. ನಾಲ್ಕು ನಾಲ್ಕು ಜನ ಕೂತು ಚೀಟಿಯಲ್ಲಿ ಬರೆಯಬೇಕು. ಬಾಯಿ ಮುಚ್ಚಿಕೊಂಡಿರುವುದು ಕಷ್ಟವಾದದ್ದು ನನಗೇ. ಮೂವತ್ತಕ್ಕೂ ಹೆಚ್ಚು ಚೀಟಿ ಬಂದವು. ಮುಕ್ಕಾಲು ಪಾಲು "ಹೂಜಿಯನ್ನು ಯಾವುದರಿಂದ ಮಾಡುತ್ತಾರೆ?" ಜಾತಿಯವು. ಇರಲಿ, ಅವೂ ಬೇಕು.

ಆಮೇಲೆ ನೆಲದ ಮೇಲೆ ಸೀಮೆಸುಣ್ಣದಿಂದ ಮೂರು ವೃತ್ತ ಬರೆದೆ. ಆರು ಹಂತ ನಮಗೆ ಜಾಸ್ತಿಯಾಗಿತ್ತು. ಪುಸ್ತಕದಲ್ಲಿ ಬೆರಳಿಟ್ಟು ತೋರಿಸಬಹುದಾದ ಪ್ರಶ್ನೆ ಮೊದಲನೆಯದಕ್ಕೆ. ಗೊತ್ತಿರುವ ಎರಡು ವಿಷಯ ಸೇರಿಸಿದರೆ ಮಾತ್ರ ಉತ್ತರ ಸಿಗುವಂಥದ್ದು ಎರಡನೆಯದಕ್ಕೆ. ಇಬ್ಬರು ಬೇರೆ ಬೇರೆ ಉತ್ತರ ಹೇಳಿದರೂ ಇಬ್ಬರೂ ಕಾರಣ ಕೊಡಬಹುದಾದದ್ದು ಮೂರನೆಯದಕ್ಕೆ. ಮಕ್ಕಳೇ ಹೆಸರಿಟ್ಟರು: ಬೆರಳಿನ ಪ್ರಶ್ನೆ, ಜೋಡಿಸೋ ಪ್ರಶ್ನೆ, ಜಗಳದ ಪ್ರಶ್ನೆ.

ಚೀಟಿ ಯಾವ ವೃತ್ತಕ್ಕೆ ಅನ್ನುವ ವಾದದಲ್ಲೇ ನಿಜವಾದ ಕಲಿಕೆ ನಡೆಯಿತು. "ಮಳೆಗಾಲದಲ್ಲಿ ಹೂಜಿ ನೀರು ಅಷ್ಟು ತಣ್ಣಗಾಗಲ್ಲ, ಯಾಕೆ?" ಅನ್ನುವ ಚೀಟಿಯನ್ನು ಒಬ್ಬ ಬೆರಳಿನದು ಅಂದ. ಪಕ್ಕದವಳು ಬಿಡಲಿಲ್ಲ. "ಎಲ್ಲಿದೆ ತೋರಿಸು ನೋಡೋಣ" ಅಂತ ಪುಸ್ತಕ ಅವನ ಮುಂದೆ ಹಿಡಿದಳು. ಹುಡುಕಿದ, ಸಿಗಲಿಲ್ಲ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಬಟ್ಟೆ ಬೇಗ ಒಣಗಲ್ಲ ಅನ್ನುವುದನ್ನು ತಂದು ಇದಕ್ಕೆ ಸೇರಿಸಬೇಕು. ಚೀಟಿ ಎರಡನೇ ವೃತ್ತಕ್ಕೆ ಹೋಯಿತು. "ಫ್ರಿಜ್ ಇರೋ ಮನೆಗೆ ಹೂಜಿ ಬೇಕಾ?" ಅನ್ನುವುದು ಮೂರನೆಯದರಲ್ಲಿ ಕೂತು ಅರ್ಧ ಪೀರಿಯಡ್ ನುಂಗಿತು.

ಬೆರಳಿನ ಪ್ರಶ್ನೆಯನ್ನು ಎತ್ತರಕ್ಕೆ ಏರಿಸುವುದನ್ನೂ ಅಭ್ಯಾಸ ಮಾಡಿಸಿದೆ. ಏನನ್ನಾದರೂ ಬದಲಿಸಿ ಕೇಳಿ ಅನ್ನುವುದಷ್ಟೇ ಉಪಾಯ. ಹೂಜಿ ಸ್ಟೀಲಿನದಾದರೆ? ತರಕಾರಿ ಕೆಡದಂತೆ ಇದರಲ್ಲೇ ಏನಾದರೂ ಮಾಡಬಹುದಾ? ಈ ಕೊನೆಯದು ಬಂದಾಗ ನೈಜೀರಿಯಾದ ಮೊಹಮ್ಮದ್ ಬಾ ಅಬ್ಬಾ ಅವರ ಕತೆ ಹೇಳಿದೆ. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಕರೆಂಟಿಲ್ಲದೆ ತರಕಾರಿ ಕಾಪಾಡಿದವರು. ಇದಕ್ಕೆ ಅವರಿಗೆ 2000ದಲ್ಲಿ ರೋಲೆಕ್ಸ್ ಪ್ರಶಸ್ತಿ ಸಿಕ್ಕಿತು. ಅವರೂ ಮೇಷ್ಟ್ರು ಅಂದಾಗ ಮಕ್ಕಳು ನನ್ನನ್ನೊಮ್ಮೆ ಅಳೆಯುವ ಹಾಗೆ ನೋಡಿದರು.

ಎಲ್ಲ ಪಾಠಕ್ಕೂ ಹೀಗೆ ಮಾಡಲು ಆಗುವುದಿಲ್ಲ. ಸಿಲಬಸ್ ಹಿಂದೆ ಬೀಳುತ್ತದೆ. ಪಾಠಕ್ಕೊಂದು ಹತ್ತು ನಿಮಿಷ ಇಟ್ಟುಕೊಂಡಿದ್ದೇನೆ. ಕಿರುಪರೀಕ್ಷೆಯಲ್ಲಿ ಒಂದು ಜೋಡಿಸೋ ಪ್ರಶ್ನೆ ಬರೆದರೆ 2 ಅಂಕ, ಉತ್ತರ ಬೇಕಿಲ್ಲ. ಈ 2 ಅಂಕಕ್ಕೇ ಮಕ್ಕಳು ತುಂಬಾ ತಿಣುಕಾಡುತ್ತಾರೆ.

"ಹೂಜಿ ಹೊರಗೆ ಪೇಂಟ್ ಬಳಿದರೆ?" ಅನ್ನುವ ಚೀಟಿ ಮಾತ್ರ ಉಳಿದುಬಿಟ್ಟಿತ್ತು. ಒಂದೇ ಅಳತೆಯ ಎರಡು ಮಡಕೆ ತಂದು ಒಂದಕ್ಕೆ ಆಯಿಲ್ ಪೇಂಟ್ ಬಳಿದು, ಒಣಗಿಸಿ, ಎರಡಕ್ಕೂ ನೀರು ತುಂಬಿಸಿ ವರಾಂಡದಲ್ಲಿಟ್ಟೆವು. ಮಧ್ಯಾಹ್ನದ ಊಟ ಮುಗಿಸಿ ಬಂದು ಎಲ್ಲರೂ ಕೈ ಅದ್ದಿ ನೋಡಿದರು. ಪೇಂಟ್ ಬಳಿದದ್ದರಲ್ಲಿ ನೀರು ಬೆಚ್ಚಗೇ ಇತ್ತು. ಸಾಮಾನ್ಯವಾಗಿ ಮಾತೇ ಆಡದ ಹಿಂದಿನ ಬೆಂಚಿನ ಹುಡುಗಿ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಾ ಕೇಳಿದಳು: "ಮಿಸ್, ನಮ್ಮನೆ ತುಳಸಿ ಕುಂಡಕ್ಕೆ ಪೇಂಟ್ ಹೊಡೆದಿದೀವಿ. ಹಂಗಾದ್ರೆ ಅದಕ್ಕೆ ನೀರು ಕಮ್ಮಿ ಹಾಕಿದ್ರೆ ಸಾಕಾ?"